ಸಮುದಾಯ ಸೇವಾ ಕಲಿಕೆ ಮತ್ತು ಅಂತರ್‌ಸಾಂಸ್ಕೃತಿಕ ಕೌಶಲ: ಕೊಡಗಿನ ಕಾಲೇಜುಗಳಲ್ಲಿ ಪದೇ ಪದೇ ಕೇಳುವ ಪ್ರಶ್ನೆಗಳು

ಕೊಡಗಿನಲ್ಲಿ ಪದವಿ ಮತ್ತು ಸ್ನಾತಕೋತ್ತರ ತರಗತಿಗಳಲ್ಲಿ ಓದುತ್ತಿರುವವರು, ಅವರನ್ನು ಊರೂರಿಗೆ ಕರೆದೊಯ್ಯುವ ಅಧ್ಯಾಪಕರು, ಮಕ್ಕಳನ್ನು ಕಳುಹಿಸಲು ಹಿಂದೆಮುಂದೆ ನೋಡುವ ಪೋಷಕರು ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರಿಸಲಾಗಿದೆ. ಕೆಲವು ಉತ್ತರಗಳು ನಿಯಮಗಳಿಗೆ ಸಂಬಂಧಿಸಿದವು. ಉಳಿದವು ಇಂಥ ತಂಡಗಳ ಜೊತೆ ಓಡಾಡುವ ಅಧ್ಯಾಪಕನೊಬ್ಬನ ಅಭಿಪ್ರಾಯಗಳು.

ಸಮುದಾಯ ಸೇವಾ ಕಲಿಕೆ ಎಂದರೇನು? ಎನ್‌ಎಸ್‌ಎಸ್ ಇರುವಾಗ ಇದೇಕೆ?

ರಾಷ್ಟ್ರೀಯ ಸೇವಾ ಯೋಜನೆಯು ಗಾಂಧೀಜಿಯವರ ಜನ್ಮಶತಾಬ್ದಿಯ ವರ್ಷದಲ್ಲಿ, 1969ರ ಸೆಪ್ಟೆಂಬರ್ 24ರಂದು, 37 ವಿಶ್ವವಿದ್ಯಾಲಯಗಳಲ್ಲಿ ಆರಂಭವಾಯಿತು. ಸ್ವಯಂಸೇವಕರು ವರ್ಷಕ್ಕೆ 120 ಗಂಟೆಯಂತೆ ಎರಡು ವರ್ಷ ಕೆಲಸ ಮಾಡಿ, ಏಳು ದಿನಗಳ ವಿಶೇಷ ಶಿಬಿರದಲ್ಲಿಯೂ ಭಾಗವಹಿಸುತ್ತಾರೆ. ‘ನನಗಲ್ಲ, ನಿನಗೆ’ ಎಂಬ ಅದರ ಧ್ಯೇಯವಾಕ್ಯದಂತೆ ಅಲ್ಲಿ ಸೇವೆಯೇ ಮುಖ್ಯ. ಶಾಲೆಯ ಅಂಗಳ ಸಮತಟ್ಟು ಮಾಡಿದ ಬಿ.ಕಾಂ. ವಿದ್ಯಾರ್ಥಿ ಆ ಶ್ರಮದಾನವನ್ನು ತನ್ನ ಲೆಕ್ಕಶಾಸ್ತ್ರದ ಪಾಠಕ್ಕೆ ಜೋಡಿಸಬೇಕೆಂದು ಯಾರೂ ಕೇಳುವುದಿಲ್ಲ.

ಸೇವಾ ಕಲಿಕೆ ಅದನ್ನೇ ಕೇಳುತ್ತದೆ. ಸಮಾಜಶಾಸ್ತ್ರದ ವಿದ್ಯಾರ್ಥಿನಿಯೊಬ್ಬಳು ಸಿದ್ದಾಪುರದ ಸುತ್ತಮುತ್ತಲಿನ ತೋಟಗಳಿಗೆ ಅಸ್ಸಾಮಿನಿಂದ ಬಂದಿರುವ ಕುಟುಂಬಗಳಿಗೆ, ತಮ್ಮ ಊರಿನ ಪಡಿತರ ಚೀಟಿಯ ಮೇಲೆಯೇ ಇಲ್ಲಿ ಅಕ್ಕಿ ಪಡೆಯುವ ವಿಧಾನವನ್ನು ತಿಳಿಸಿಕೊಡುತ್ತಾಳೆ ಎಂದುಕೊಳ್ಳೋಣ. ಅದೇ ವಾರ ತರಗತಿಯಲ್ಲಿ ವಲಸೆಯ ಪಾಠ ನಡೆಯುತ್ತಿರುತ್ತದೆ. ನ್ಯಾಯಬೆಲೆ ಅಂಗಡಿಯ ಯಂತ್ರದಲ್ಲಿ ಬೆರಳಚ್ಚು ಹೊಂದದೆ ಆ ಕುಟುಂಬ ಬರಿಗೈಯಲ್ಲಿ ಮರಳಿದ್ದನ್ನು ಕಂಡು ಬಂದವಳು ಆ ಪಾಠವನ್ನು ಓದುವ ರೀತಿಯೇ ಬೇರೆ. ಕೊನೆಗೆ ಅವಳು ಬರೆಯುವ ಪ್ರಬಂಧದಲ್ಲಿ ಪುಸ್ತಕವೂ ಅಂಗಡಿಯೂ ಒಟ್ಟಿಗೆ ಬರಬೇಕು.

ಈ ಪರಿಕಲ್ಪನೆಗೆ ಇಂದಿನ ಹೆಸರು ಬಂದದ್ದು 1960ರ ದಶಕದಲ್ಲಿ ಅಮೆರಿಕದ ದಕ್ಷಿಣ ರಾಜ್ಯಗಳ ಕಾಲೇಜುಗಳಲ್ಲಿ. ಕೈಕೆಲಸವನ್ನು ಕಲಿಕೆಯ ನಡುವಿಗೇ ತರಬೇಕೆಂಬ ವಿಚಾರವನ್ನು 1937ರ ವಾರ್ಧಾ ಸಮ್ಮೇಳನದಲ್ಲಿ ಗಾಂಧೀಜಿಯವರು ಆಗಲೇ ಮಂಡಿಸಿದ್ದರು.

ನಾವೆಲ್ಲ ಕೊಡಗಿನವರೇ. ಅಕ್ಕಪಕ್ಕದವರ ಜೊತೆ ಬೆರೆಯುವುದಕ್ಕೆ ‘ಅಂತರ್‌ಸಾಂಸ್ಕೃತಿಕ ಕೌಶಲ’ ಏಕೆ ಬೇಕು?

2011ರ ಜನಗಣತಿಯಂತೆ ಜಿಲ್ಲೆಯ ಜನಸಂಖ್ಯೆ 5,54,519. ಇಷ್ಟೇ ಜನರ ನಡುವೆ ಕೊಡವ ತಕ್ಕ್, ಅರೆಭಾಷೆ, ಕನ್ನಡ, ಮಲಯಾಳಂ, ಬ್ಯಾರಿ, ತುಳು, ತಮಿಳು, ಯರವ, ಜೇನುಕುರುಬ ಮತ್ತು ಬೆಟ್ಟಕುರುಬ ನುಡಿಗಳು ಮನೆಮಾತುಗಳಾಗಿವೆ. ಕೊಡವ ತಕ್ಕನ್ನು ಕೊಡವರಲ್ಲದೆ ಐರಿ, ಹೆಗ್ಗಡೆ, ಕೊಯವ, ಕೆಂಬಟ್ಟಿ ಮೊದಲಾದವರೂ ಆಡುತ್ತಾರೆ. ಶನಿವಾರಸಂತೆಯ ಕಡೆಯ ಕನ್ನಡಕ್ಕೂ ಭಾಗಮಂಡಲದ ಕಡೆಯ ಅರೆಭಾಷೆಗೂ ಇರುವ ದೂರ ಕಿಲೋಮೀಟರಿನಲ್ಲಿ ಅಳೆಯುವಂಥದ್ದಲ್ಲ. ಇತ್ತೀಚಿನ ವರ್ಷಗಳಲ್ಲಿ ತೋಟಗಳಿಗೆ ಅಸ್ಸಾಮಿ, ಬಂಗಾಳಿ, ಹಿಂದಿ ಮಾತುಗಳೂ ಬಂದಿವೆ.

ಒಂದೇ ಬಸ್ಸಿನಲ್ಲಿ ಹೋಗುವುದು, ಒಂದೇ ಸಂತೆಯಲ್ಲಿ ತರಕಾರಿ ಕೊಳ್ಳುವುದು ಪರಿಚಯವೇ ಹೊರತು ತಿಳಿವಳಿಕೆಯಲ್ಲ. ಪೊನ್ನಂಪೇಟೆಯಲ್ಲಿ ಹುಟ್ಟಿ ಬೆಳೆದು, ಐದು ಕಿಲೋಮೀಟರ್ ಆಚೆಯ ಹಾಡಿಯ (ಬುಡಕಟ್ಟು ಜನರ ನೆಲೆಯ) ಹೆಸರನ್ನು ಹೇಳಲಾರದ ವಿದ್ಯಾರ್ಥಿಗಳು ಪ್ರತಿ ತಂಡದಲ್ಲಿಯೂ ಸಿಗುತ್ತಾರೆ. ಹಾಗೆಯೇ, ಹತ್ತು ವರ್ಷ ಜೊತೆಯಲ್ಲಿ ಓದಿದ ಗೆಳೆಯನ ಐನ್‌ಮನೆಯೊಳಗೆ (ಮನೆತನದ ಹಿರಿಮನೆಯೊಳಗೆ) ಒಮ್ಮೆಯೂ ಕಾಲಿಡದವರೂ ಸಿಗುತ್ತಾರೆ.

ಹಾಗಾದರೆ ಆ ಕೌಶಲದಲ್ಲಿ ಏನೇನು ಸೇರುತ್ತದೆ?

ಅಮೆರಿಕದ ಸಂಶೋಧಕಿ ಡಾರ್ಲಾ ಡಿಯರ್ಡಾರ್ಫ್ ಅವರು 2006ರಲ್ಲಿ ಮುಂದಿಟ್ಟ ಮಾದರಿ ಈಗ ಹೆಚ್ಚು ಬಳಕೆಯಲ್ಲಿದೆ. ಗೌರವ, ತೆರೆದ ಮನಸ್ಸು, ಕುತೂಹಲ ಎಂಬ ಮನೋಧರ್ಮಗಳಿಂದ ಅದು ಆರಂಭವಾಗುತ್ತದೆ. ಅವುಗಳ ಮೇಲೆ ತಿಳಿವಳಿಕೆ, ಆಲಿಸುವ ಮತ್ತು ಗಮನಿಸುವ ಕೌಶಲಗಳು ಬೆಳೆದು, ಕಡೆಗೆ ಸಂದರ್ಭಕ್ಕೆ ತಕ್ಕಂತೆ ನಡೆದುಕೊಳ್ಳುವ ಶಕ್ತಿ ಬರುತ್ತದೆ. ಹಬ್ಬ, ಉಡುಪು, ಅಡುಗೆಗಳ ಪಟ್ಟಿಯನ್ನು ಬಾಯಿಪಾಠ ಮಾಡುವುದು ಇದರ ಒಂದು ಸಣ್ಣ ಭಾಗ ಮಾತ್ರ.

ಅಮೆರಿಕದವರೇ ಆದ ಸಂಶೋಧಕ ಮಿಲ್ಟನ್ ಬೆನೆಟ್ ಅವರು 1986ರಲ್ಲಿ ವಿವರಿಸಿದ ಆರು ಹಂತಗಳು ಕೊಡಗಿನ ತರಗತಿಗೆ ಇನ್ನೂ ಹತ್ತಿರವೆಂದು ನನಗೆ ಅನಿಸುತ್ತದೆ. ವ್ಯತ್ಯಾಸವೇ ಕಾಣದಿರುವುದು, ಕಂಡ ವ್ಯತ್ಯಾಸಕ್ಕೆ ಬೆದರಿ ತನ್ನದೇ ಮೇಲೆನ್ನುವುದು, ವ್ಯತ್ಯಾಸವನ್ನು ಕಡೆಗಣಿಸುವುದು, ಒಪ್ಪಿಕೊಳ್ಳುವುದು, ಹೊಂದಿಕೊಳ್ಳುವುದು, ತನ್ನೊಳಗೇ ಬೆಸೆದುಕೊಳ್ಳುವುದು ಎಂಬುವು ಆ ಹಂತಗಳು. ನಮ್ಮಲ್ಲಿ ಬಹಳ ಮಂದಿ ಮೂರನೆಯದರಲ್ಲಿ ನಿಂತುಬಿಡುತ್ತಾರೆ. ‘ನಾವೆಲ್ಲ ಒಂದೇ, ನಮ್ಮಲ್ಲಿ ಭೇದವಿಲ್ಲ’ ಎಂಬ ಮಾತು ಕೇಳಲು ಹಿತವಾಗಿದ್ದರೂ, ಜಮೀನು ಇರುವವನ ಬಾಯಲ್ಲಿ ಅದು ಸಲೀಸಾಗಿ ಬರುತ್ತದೆ, ಇಲ್ಲದವನ ಬಾಯಲ್ಲಿ ಅಷ್ಟು ಸಲೀಸಾಗಿ ಬರುವುದಿಲ್ಲ ಎಂಬುದನ್ನು ಗಮನಿಸಬೇಕು.

ನಮ್ಮ ಮನೆಯ ತೋಟದಲ್ಲಿಯೇ ಲೈನ್ ಮನೆಗಳಿವೆ (ಕೆಲಸಗಾರರ ಸಾಲುಮನೆಗಳು). ಅಲ್ಲಿಯೇ ಕೆಲಸ ಮಾಡಬಹುದೇ?

ಮೊದಲ ಬಾರಿಗೆ ಬೇಡ ಎಂಬುದು ನನ್ನ ಸಲಹೆ. ಕೂಲಿ ಕೊಡುವವರ ಮಗಳು ಬಂದು ‘ಕೂಲಿ ಸಾಕಾಗುತ್ತದೆಯೇ?’ ಎಂದು ಕೇಳಿದರೆ ಸಿಗುವ ಉತ್ತರಕ್ಕೆ ಬೆಲೆಯಿಲ್ಲ; ‘ಸಾಕಮ್ಮ’ ಎಂದಷ್ಟೇ ಹೇಳಿ ಆ ಹೆಂಗಸು ಕೆಲಸಕ್ಕೆ ಹೋಗುತ್ತಾಳೆ. ಬೇರೆ ಬೇರೆ ಗುಂಪುಗಳ ನಡುವಿನ ಪೂರ್ವಗ್ರಹ ಬರಿಯ ಒಡನಾಟದಿಂದ ಕಡಿಮೆಯಾಗುವುದಿಲ್ಲ, ಅದಕ್ಕೆ ಸಮಾನ ಸ್ಥಾನ, ಸಮಾನ ಗುರಿ, ಪರಸ್ಪರ ಸಹಕಾರ ಮತ್ತು ಸಂಸ್ಥೆಯ ಬೆಂಬಲ ಬೇಕು ಎಂದು ಮನೋವಿಜ್ಞಾನಿ ಗಾರ್ಡನ್ ಆಲ್‌ಪೋರ್ಟ್ 1954ರಲ್ಲಿಯೇ ಹೇಳಿದ್ದರು. ಯಜಮಾನರ ಮನೆಗೂ ಲೈನ್ ಮನೆಗೂ ನಡುವೆ ತಲೆಮಾರುಗಳ ಒಡನಾಟವಿದೆ. ಇಲ್ಲದಿರುವುದು ಸಮಾನ ಸ್ಥಾನವೆಂಬ ಮೊದಲನೆಯ ಷರತ್ತು.

ಆದ್ದರಿಂದ ಮೊದಲ ಸೆಮಿಸ್ಟರಿನಲ್ಲಿ ನಿಮ್ಮನ್ನು ಯಾರೂ ಗುರುತಿಸದ ಊರಿಗೆ ಹೋಗಿರಿ. ವಿರಾಜಪೇಟೆಯ ಕಡೆಯವರು ಸೋಮವಾರಪೇಟೆಗೂ, ಅಲ್ಲಿಯವರು ಇತ್ತಲೂ ಬರುವಂತೆ ಎರಡು ಕಾಲೇಜುಗಳು ಒಪ್ಪಂದ ಮಾಡಿಕೊಳ್ಳುವುದು ಕಷ್ಟವೇನಲ್ಲ.

ನಿಮ್ಮದೇ ತೋಟಕ್ಕೆ ಮರಳುವ ದಿನ ಬಂದಾಗ ಪಾತ್ರ ಬದಲಾಗಿರಲಿ. ರೋಬಸ್ಟಾ ಕೊಯ್ಲಿನ ಒಂದು ದಿನ ಬೆಳಿಗ್ಗೆಯಿಂದ ಸಂಜೆಯವರೆಗೆ, ಅನುಭವವಿರುವ ಹೆಂಗಸೊಬ್ಬಳ ಕೈಕೆಳಗೆ ಹಣ್ಣು ಕೊಯ್ಯಿರಿ. ಎಲೆ ಕಡ್ಡಿಗಳನ್ನು ಆರಿಸಿ ತೆಗೆದು, ಚೀಲ ಹೊತ್ತು, ತೂಕದ ಸಾಲಿನಲ್ಲಿ ನಿಲ್ಲಿರಿ. ಮನೆಯ ಜಗಲಿಯಿಂದ ನೋಡುವಾಗ ಸಂಜೆಯ ತೂಕವೆಂದರೆ ಒಂದು ಒಟ್ಟು ಮೊತ್ತ. ಸಾಲಿನಲ್ಲಿ ನಿಂತಾಗ ಬೇರೆಯದೇ ವಿವರಗಳು ಕಾಣುತ್ತವೆ: ಮುಳ್ಳು ನಿಲ್ಲುವ ಮೊದಲೇ ರೈಟರು (ತೋಟದ ಗುಮಾಸ್ತರು) ಅಂಕಿ ಕೂಗುತ್ತಾರೆಯೇ, ಚೀಲದ ತೂಕಕ್ಕೆಂದು ಎಷ್ಟು ಕಳೆಯುತ್ತಾರೆ, ತನ್ನ ಹೆಸರಿನ ಮುಂದೆ ಬರೆದದ್ದನ್ನು ಓದಲು ಬಾರದವಳು ಆ ಅಂಕಿಯನ್ನು ಹೇಗೆ ನೆನಪಿಟ್ಟುಕೊಳ್ಳುತ್ತಾಳೆ. ಇದನ್ನು ಕಂಡ ಮೇಲೆ ಲೆಕ್ಕದ ಚೀಟಿಯೊಂದನ್ನು ಅವಳಿಗೆ ಅರ್ಥವಾಗುವಂತೆ ರೂಪಿಸುವ ಕೆಲಸ ನಿಮಗೇ ಹೊಳೆಯಬಹುದು. ಮನೆಯಲ್ಲಿ ಅದಕ್ಕೆ ಒಪ್ಪಿಗೆ ಪಡೆಯುವುದೂ ಈ ಕಲಿಕೆಯ ಒಂದು ಭಾಗವೇ, ಬಹುಶಃ ಅತ್ಯಂತ ಕಷ್ಟದ ಭಾಗ.

ನಾನೇ ಲೈನ್ ಮನೆಯಿಂದ ಅಥವಾ ಹಾಡಿಯಿಂದ ಬಂದಿದ್ದೇನೆ. ನಾನು ಯಾರಿಗೆ ಸೇವೆ ಮಾಡಬೇಕು?

ಈ ಪ್ರಶ್ನೆಯನ್ನು ಕೇಳುವಂತಾಗಿರುವುದೇ ನಮ್ಮ ಕಾರ್ಯಕ್ರಮಗಳ ಕೊರತೆಯನ್ನು ತೋರಿಸುತ್ತದೆ. ವಿದ್ಯಾರ್ಥಿ ಎಂದರೆ ಕೊಡುವವನು, ಹಾಡಿ ಎಂದರೆ ಪಡೆಯುವುದು ಎಂದು ಮೊದಲೇ ಊಹಿಸಿ ಯೋಜನೆ ಬರೆದರೆ ನಿಮಗೆ ಅದರಲ್ಲಿ ಜಾಗವೇ ಇರುವುದಿಲ್ಲ. ತಂಡ ನಿಮ್ಮ ಊರಿಗೇ ಹೋಗುವುದಾದರೆ, ನಿಮ್ಮನ್ನು ಪುಕ್ಕಟೆ ದುಭಾಷಿಯಾಗಿ ಬಳಸಿಕೊಳ್ಳಲು ಬಿಡಬೇಡಿ. ಕೆಲಸವನ್ನು ರೂಪಿಸುವವರಲ್ಲಿ ನೀವೂ ಒಬ್ಬರಾಗಿರಬೇಕು, ವರದಿಯಲ್ಲಿ ಆ ಹೆಸರಿನಲ್ಲಿಯೇ ಕಾಣಿಸಿಕೊಳ್ಳಬೇಕು. ನಿಮ್ಮ ಮನೆಯ ಕಷ್ಟವನ್ನು ತರಗತಿಯಲ್ಲಿ ಹೇಳಿಕೊಳ್ಳಬೇಕೆಂಬ ಒತ್ತಾಯಕ್ಕೆ ಯಾವ ಅಧ್ಯಾಪಕರಿಗೂ ಅಧಿಕಾರವಿಲ್ಲ. ಬೇರೆ ಕಡೆ ಕೆಲಸ ಮಾಡಬಯಸುವುದಾದರೆ ಅದಕ್ಕೂ ನಿಮಗೆ ಪೂರ್ಣ ಹಕ್ಕಿದೆ: ಮಡಿಕೇರಿಯ ವೃದ್ಧರೊಬ್ಬರಿಗೆ ಪಿಂಚಣಿ ಅರ್ಜಿ ತುಂಬಿಕೊಡುವ ಹಾಡಿಯ ಹುಡುಗಿ ಕಲಿಯುವುದೂ ಕಲಿಸುವುದೂ ಕಡಿಮೆಯೇನಲ್ಲ.

ಯಾವ ಕೆಲಸ ಮಾಡಬೇಕೆಂದು ಯಾರು ತೀರ್ಮಾನಿಸಬೇಕು?

ಊರಿನವರು. ಸೇವೆ ಪಡೆಯುವವರೇ ಆ ಸೇವೆಯನ್ನು ನಿಯಂತ್ರಿಸಬೇಕು ಎಂಬುದು ಸೇವಾ ಕಲಿಕೆಯ ಆರಂಭದ ಚಿಂತಕರಲ್ಲೊಬ್ಬರಾದ ರಾಬರ್ಟ್ ಸಿಗ್ಮನ್ ಅವರು 1979ರಲ್ಲಿ ಹೇಳಿದ ಮೂರು ತತ್ವಗಳಲ್ಲಿ ಮೊದಲನೆಯದು. ಅವರ ಸ್ವಂತ ಶಕ್ತಿ ಹೆಚ್ಚಬೇಕೆಂಬುದು ಎರಡನೆಯದು, ಸೇವೆ ಮಾಡುವವರೂ ಕಲಿಯುವವರೇ ಎಂಬುದು ಮೂರನೆಯದು.

2018ರ ಆಗಸ್ಟಿನ ಭೂಕುಸಿತವನ್ನು ಕಂಡವರಿಗೆ ಮೊದಲ ತತ್ವವನ್ನು ವಿವರಿಸಬೇಕಾಗಿಲ್ಲ. ಮಕ್ಕಂದೂರು, ಜೋಡುಪಾಲ, ಹೆಬ್ಬೆಟ್ಟಗೇರಿಯ ಕಡೆಯ ಜನ ಪರಿಹಾರ ಕೇಂದ್ರಗಳಲ್ಲಿದ್ದಾಗ ನಾಡಿನೆಲ್ಲೆಡೆಯಿಂದ ಲಾರಿಗಟ್ಟಲೆ ಸಾಮಗ್ರಿ ಬಂತು. ಕೊಟ್ಟವರ ಮನಸ್ಸು ದೊಡ್ಡದು, ಅದರಲ್ಲಿ ಎರಡು ಮಾತಿಲ್ಲ. ಆದರೆ ಯಾರೂ ಉಡಲಾರದ ಹಳೆಯ ಬಟ್ಟೆಗಳ ರಾಶಿಯನ್ನು ವಿಂಗಡಿಸುವುದಕ್ಕೇ ಸ್ವಯಂಸೇವಕರ ಹೊತ್ತು ಹೋಯಿತು. ಮಣ್ಣಿನಡಿ ಸೇರಿದ ಪಹಣಿ, ಆಧಾರ್, ಮಕ್ಕಳ ಅಂಕಪಟ್ಟಿಗಳನ್ನು ಮತ್ತೆ ಮಾಡಿಸಿಕೊಡುವ, ಕಚೇರಿಯಿಂದ ಕಚೇರಿಗೆ ಜೊತೆಯಲ್ಲಿ ಓಡಾಡುವ ಕೈಗಳು ಅಷ್ಟೇ ಅಗತ್ಯವಾಗಿದ್ದವು. ಅಂಥ ಕೆಲಸವನ್ನು ಪದವಿ ವಿದ್ಯಾರ್ಥಿಗಿಂತ ಚೆನ್ನಾಗಿ ಮಾಡುವವರು ಯಾರು?

ಕೆಲಸ ಹುಡುಕಲು ಗ್ರಾಮ ಪಂಚಾಯಿತಿ, ಅಂಗನವಾಡಿ, ಆಶಾ ಕಾರ್ಯಕರ್ತೆ, ಸ್ತ್ರೀಶಕ್ತಿ ಸಂಘ, ಆಶ್ರಮ ಶಾಲೆಯಲ್ಲಿ (ಬುಡಕಟ್ಟು ಮಕ್ಕಳ ವಸತಿ ಶಾಲೆಯಲ್ಲಿ) ವಿಚಾರಿಸಬಹುದು. ವಿಷಯಕ್ಕೆ ತಕ್ಕ ಕೆಲಸವೂ ಇದೆ. ಜಿಲ್ಲೆಯಲ್ಲಿ 1,200ಕ್ಕೂ ಹೆಚ್ಚು ದೇವರಕಾಡುಗಳಿರುವುದರಿಂದ, ಪೊನ್ನಂಪೇಟೆಯ ಅರಣ್ಯ ಮಹಾವಿದ್ಯಾಲಯದಂಥ ಕಡೆ ಓದುವವರಿಗೆ ದೇವಸ್ಥಾನ ಸಮಿತಿಯವರ ಜೊತೆ ಕುಳಿತು ಮರಗಳ ಪಟ್ಟಿ ಮಾಡುವುದು ಪಾಠವೂ ಹೌದು, ಊರಿಗೆ ಉಪಯೋಗವೂ ಹೌದು.

ಅವರ ಭಾಷೆ ನಮಗೆ ಬರುವುದಿಲ್ಲ.

ಹತ್ತು ಮಾತು ಕಲಿತು ಹೋಗಿರಿ: ನಮಸ್ಕಾರ, ಹೆಸರು ಕೇಳುವುದು, ‘ನನಗೆ ಅರ್ಥವಾಗಲಿಲ್ಲ’, ‘ಇನ್ನೊಮ್ಮೆ ಹೇಳಿ’. ನಿಮ್ಮ ತಪ್ಪು ಉಚ್ಚಾರಣೆಗೆ ಅವರು ನಗುವುದು ಒಳ್ಳೆಯ ಆರಂಭ, ಏಕೆಂದರೆ ಆ ಗಳಿಗೆಯಲ್ಲಿ ಗುರು ಯಾರೆಂಬುದು ಇಬ್ಬರಿಗೂ ಸ್ಪಷ್ಟ. ದುಭಾಷಿ ಬೇಕಾದಾಗ ಮೇಸ್ತ್ರಿಯನ್ನಾಗಲಿ ಯಜಮಾನರ ಮನೆಯವರನ್ನಾಗಲಿ ಕರೆಯಬೇಡಿ. ಅವರೆದುರು ಯಾರೂ ಮನಸ್ಸು ಬಿಚ್ಚುವುದಿಲ್ಲ. ಚಿಕ್ಕ ಮಕ್ಕಳನ್ನು ದುಭಾಷಿ ಮಾಡುವುದೂ ಸರಿಯಲ್ಲ, ಅದರಲ್ಲಿಯೂ ಮಾತು ಕಾಯಿಲೆ, ಸಾಲ, ಕುಡಿತದ ಕುರಿತಾಗಿದ್ದರೆ.

ದಿನಚರಿ ಬರೆಯಲೇಬೇಕೇ? ಏನು ಬರೆಯಬೇಕು?

ಬರೆಯಲೇಬೇಕು. ಅನುಭವ ತಾನಾಗಿಯೇ ಪಾಠ ಕಲಿಸುವುದಿಲ್ಲ. ಹೋಗುವಾಗ ಇದ್ದ ಪೂರ್ವಗ್ರಹವನ್ನೇ ಗಟ್ಟಿ ಮಾಡಿಕೊಂಡು ಮರಳುವವರೂ ಇದ್ದಾರೆ, ‘ಕಣ್ಣಾರೆ ಕಂಡೆ’ ಎಂಬ ಹೆಚ್ಚುವರಿ ಧೈರ್ಯದೊಡನೆ. ಅದನ್ನು ತಡೆಯುವುದು ದಿನಚರಿ ಮತ್ತು ಅದರ ಮೇಲಿನ ಚರ್ಚೆ.

ಒಂದು ಮಾದರಿಯನ್ನು ನೋಡಿ. ಆಶ್ರಮ ಶಾಲೆಯಲ್ಲಿ ಗಣಿತ ಹೇಳಿಕೊಟ್ಟ ವಿದ್ಯಾರ್ಥಿಯು ಮೊದಲು ಬರೆಯುವುದು ಸಾಮಾನ್ಯವಾಗಿ ಹೀಗಿರುತ್ತದೆ: ‘ಮಕ್ಕಳಿಗೆ ಆಸಕ್ತಿಯಿಲ್ಲ, ಪೋಷಕರೂ ಗಮನ ಕೊಡುವುದಿಲ್ಲ.’ ಇದರಲ್ಲಿ ಕಂಡದ್ದು ಯಾವುದು, ತೀರ್ಪು ಯಾವುದು ಎಂದು ಬೇರ್ಪಡಿಸಿ ಮತ್ತೆ ಬರೆಯಲು ಹೇಳಿದರೆ ಹೀಗಾಗುತ್ತದೆ: ‘ಪ್ರಶ್ನೆ ಕೇಳಿದಾಗ ಹುಡುಗಿ ತಲೆ ತಗ್ಗಿಸಿದಳು. ನಾನು ಕನ್ನಡದಲ್ಲಿ, ಜೋರಾಗಿ, ನಿಂತುಕೊಂಡು ಕೇಳಿದ್ದೆ. ಅವಳ ಮನೆಮಾತು ಯರವ. ಪಕ್ಕದವಳು ಅವರ ಮಾತಿನಲ್ಲಿ ಏನೋ ಹೇಳಿದ ಮೇಲೆ ಸ್ಲೇಟಿನಲ್ಲಿ ಸರಿಯಾದ ಉತ್ತರ ಬರೆದಳು. ಅವಳ ತಂದೆತಾಯಿಯನ್ನು ನಾನು ನೋಡಿಲ್ಲ.’ ಎರಡನೆಯ ಬರಹದಲ್ಲಿ ನಾಳೆ ಏನು ಮಾಡಬೇಕೆಂಬುದೂ ಸಿಗುತ್ತದೆ: ಕುಳಿತುಕೊಂಡು ಕೇಳಬೇಕು, ಆ ಪಕ್ಕದವಳನ್ನು ಜೊತೆಗೆ ಸೇರಿಸಿಕೊಳ್ಳಬೇಕು, ಪೋಷಕರ ಬಗ್ಗೆ ಸುಮ್ಮನಿರಬೇಕು.

ಅರ್ಧ ಪುಟ ಸಾಕು. ಅಂದೇ ರಾತ್ರಿ ಬರೆಯಿರಿ. ಸೆಮಿಸ್ಟರಿನ ಕೊನೆಯಲ್ಲಿ ಒಟ್ಟಿಗೆ ಕುಳಿತು ಬರೆದ ದಿನಚರಿಯನ್ನು ಅಧ್ಯಾಪಕರು ಒಂದೇ ಬಗೆಯ ಶಾಯಿಯಿಂದಲೇ ಕಂಡುಹಿಡಿಯುತ್ತಾರೆ.

ಯಾವ ತಿಂಗಳು ಹೋಗುವುದು ಒಳ್ಳೆಯದು?

ಜೂನ್‌ನಿಂದ ಆಗಸ್ಟ್‌ವರೆಗೆ ಮಳೆ ಯಾವ ವೇಳಾಪಟ್ಟಿಯನ್ನೂ ಲೆಕ್ಕಿಸುವುದಿಲ್ಲ. ಅರೇಬಿಕಾ ಕೊಯ್ಲು ಆರಂಭವಾಗುವ ನವೆಂಬರ್‌ನಿಂದ ರೋಬಸ್ಟಾ ಮುಗಿಯುವ ಮಾರ್ಚ್‌ವರೆಗೆ ತೋಟದ ಕೆಲಸಗಾರರಿಗೆ ಹಗಲು ಬಿಡುವಿಲ್ಲ; ಆಗ ಹೋಗುವುದಾದರೆ ಭಾನುವಾರ ಅಥವಾ ಸಂಜೆ, ಅವರು ಕರೆದರೆ ಮಾತ್ರ. ಕೈಲ್ ಪೊಳ್ದ್, ಅಕ್ಟೋಬರಿನ ತುಲಾ ಸಂಕ್ರಮಣ, ಪುತ್ತರಿ, ಮೇ ತಿಂಗಳಲ್ಲಿ ದೇವರಪುರದ ಕುಂಡೆ ಹಬ್ಬದ ದಿನಗಳಲ್ಲಿ ಸಮೀಕ್ಷೆಯ ಹಾಳೆ ಹಿಡಿದು ಯಾರ ಮನೆಗೂ ಹೋಗಬೇಡಿ.

ಹಾಡಿಗೆ ಹೋಗಲು ಅನುಮತಿ ಬೇಕೇ? ಫೋಟೋ ತೆಗೆಯಬಹುದೇ?

ನಾಗರಹೊಳೆ ಹುಲಿ ಸಂರಕ್ಷಿತ ಪ್ರದೇಶದೊಳಗಿನ ಹಾಡಿಗಳಿಗೆ ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ಹೋಗುವಂತಿಲ್ಲ. ಹೊರಗಿನ ಹಾಡಿಗಳಾದರೆ ಅಲ್ಲಿಯ ಹಿರಿಯರಿಗೂ ಗಿರಿಜನ ಅಭಿವೃದ್ಧಿಯ ಕಚೇರಿಗೂ ಮೊದಲೇ ತಿಳಿಸಿರಬೇಕು. ಇಲಾಖೆಯ ಪತ್ರ ಕೈಯಲ್ಲಿದ್ದ ಮಾತ್ರಕ್ಕೆ ಮನೆಯ ಬಾಗಿಲು ತೆರೆದಿದೆ ಎಂದು ಅರ್ಥವಲ್ಲ. ಜೇನುಕುರುಬರು ಕೇಂದ್ರ ಸರ್ಕಾರದ ಪಟ್ಟಿಯಲ್ಲಿ ವಿಶೇಷವಾಗಿ ದುರ್ಬಲ ಬುಡಕಟ್ಟೆಂದು ಸೇರಿರುವ ಸಮುದಾಯ. ಅವರ ಬಳಿಗೆ ಬಂದು ಪ್ರಶ್ನೆ ಕೇಳಿ ಹೋದವರಿಗೆ ಲೆಕ್ಕವಿಲ್ಲ. 2016ರ ಡಿಸೆಂಬರಿನಲ್ಲಿ ದಿಡ್ಡಳ್ಳಿಯಿಂದ ತೆರವಾಗಿ, ಮುಂದೆ ಬಸವನಹಳ್ಳಿ, ಬ್ಯಾಡಗೊಟ್ಟಗಳಲ್ಲಿ ನೆಲೆ ಪಡೆದ ಕುಟುಂಬಗಳ ಎದುರು ಕ್ಯಾಮೆರಾಗಳು ಬಂದು ಹೋಗಿವೆ. ‘ಇದರಿಂದ ನಮಗೇನು?’ ಎಂದು ಅವರು ಕೇಳಿದರೆ ಅದು ಒರಟುತನವಲ್ಲ, ಉತ್ತರ ಕೊಡಬೇಕಾದ ಪ್ರಶ್ನೆ.

ಫೋಟೋ ವಿಷಯದಲ್ಲಿ ನಿಯಮ ಸರಳ: ಮೊದಲ ಭೇಟಿಯಲ್ಲಿ ಬೇಡ; ಅನಂತರವೂ ಕೇಳದೆ ಬೇಡ; ಮಕ್ಕಳ ಮುಖ ಜಾಲತಾಣಕ್ಕೆ ಬೇಡವೇ ಬೇಡ. ಬಿಸ್ಕತ್ತಿನ ಪೊಟ್ಟಣ ಕೊಡುವ ಭಂಗಿಯ ಚಿತ್ರ ವರದಿಯ ಮುಖಪುಟದಲ್ಲಿದ್ದರೆ ನಾನಂತೂ ಅಂಕ ಕಡಿಮೆ ಮಾಡುತ್ತೇನೆ.

ಊಟಕ್ಕೆ ಕರೆದರೆ?

ಉಣ್ಣಿರಿ. ಪಂದಿಮಾಂಸ ಒಗ್ಗದವರು, ಮಾಂಸವನ್ನೇ ತಿನ್ನದವರು ಅದನ್ನು ಮೊದಲೇ ಸೌಜನ್ಯದಿಂದ ತಿಳಿಸಿದರೆ ಯಾರಿಗೂ ಬೇಸರವಾಗುವುದಿಲ್ಲ. ಬಡಿಸಿದ ಮೇಲೆ ಮೂಗು ಮುರಿದರೆ ಬೇಸರವಾಗುತ್ತದೆ. ಲೈನ್ ಮನೆಯಲ್ಲಿ ಕೊಟ್ಟ ಕಪ್ಪು ಕಾಫಿಯನ್ನು ‘ಈಗಷ್ಟೇ ಕುಡಿದು ಬಂದೆವು’ ಎಂದು ನಿರಾಕರಿಸುವ ಹಳೆಯ ಜಾಣತನದ ಅರ್ಥ ಕೊಟ್ಟವರಿಗೂ ಗೊತ್ತಿರುತ್ತದೆ.

ಬೈಲಕುಪ್ಪೆಯನ್ನು ಆಯ್ದುಕೊಳ್ಳಬಹುದೇ?

ಖಂಡಿತ. 1961ರಲ್ಲಿ ಆರಂಭವಾದ ಈ ಟಿಬೆಟನ್ ನೆಲೆ ಮೈಸೂರು ಜಿಲ್ಲೆಯ ಪಿರಿಯಾಪಟ್ಟಣ ತಾಲ್ಲೂಕಿಗೆ ಸೇರಿದ್ದರೂ ಕುಶಾಲನಗರಕ್ಕೆ ಕೂಗಳತೆಯಲ್ಲಿದೆ. ಭಾರತೀಯರಿಗೆ ವಿಶೇಷ ಪರವಾನಗಿ ಬೇಡ. ವಿದೇಶಿ ಪ್ರಜೆಗಳು ರಾತ್ರಿ ತಂಗಲು ಬೇಕು. ಸ್ವರ್ಣಮಂದಿರದ ಮುಂದೆ ಚಿತ್ರ ತೆಗೆಸಿಕೊಂಡು ಬರುವುದು ಪ್ರವಾಸ. ಯುವಕರು ಹೊರದೇಶಗಳಿಗೆ ಹೋದ ಮೇಲೆ ಉಳಿದಿರುವ ವೃದ್ಧರಿಗೆ ಕನ್ನಡದ ಅರ್ಜಿಗಳಲ್ಲಿ, ಆಸ್ಪತ್ರೆಯ ಓಡಾಟದಲ್ಲಿ ನೆರವಾಗುವುದು ಸೇವಾ ಕಲಿಕೆಯಾಗಬಹುದು.

ಇದಕ್ಕೆ ಕ್ರೆಡಿಟ್ ಸಿಗುತ್ತದೆಯೇ?

ವಿಶ್ವವಿದ್ಯಾಲಯ ಧನಸಹಾಯ ಆಯೋಗದ 2022ರ ಪಠ್ಯಕ್ರಮ ಚೌಕಟ್ಟಿನಲ್ಲಿ ಸಮುದಾಯ ಸೇವೆಯ ಒಂದು ಕ್ರೆಡಿಟ್ ಎಂದರೆ ಸೆಮಿಸ್ಟರಿಗೆ 30 ಗಂಟೆಗಳ ತೊಡಗುವಿಕೆ. ಕರ್ನಾಟಕವು 2024-25ರಿಂದ ಮೂರು ವರ್ಷಗಳ ಪದವಿಗೆ ಮರಳಿದೆ. 2023ರಲ್ಲಿ ಕೊಡಗು ವಿಶ್ವವಿದ್ಯಾಲಯ ಆರಂಭವಾಗುವ ಮೊದಲು ಇಲ್ಲಿಯ ಪದವಿ ಕಾಲೇಜುಗಳು ಮಂಗಳೂರು ವಿಶ್ವವಿದ್ಯಾಲಯದ ವ್ಯಾಪ್ತಿಯಲ್ಲಿದ್ದವು. ಹೀಗಾಗಿ ಒಂದೊಂದು ತಂಡಕ್ಕೆ ಒಂದೊಂದು ನಿಯಮಾವಳಿ ಇರಬಹುದು; ನಿಮ್ಮ ಪ್ರವೇಶದ ವರ್ಷದ ಪಠ್ಯಕ್ರಮವನ್ನು ಕಾಲೇಜಿನ ಕಚೇರಿಯಲ್ಲಿ ನೋಡಿಕೊಳ್ಳಿ.

ಇದರಿಂದ ನಿಜವಾಗಿಯೂ ಪ್ರಯೋಜನವಾಗುತ್ತದೆ ಎಂಬುದಕ್ಕೆ ಆಧಾರವಿದೆಯೇ?

ಇದೆ. 11,837 ವಿದ್ಯಾರ್ಥಿಗಳನ್ನು ಒಳಗೊಂಡ 62 ಅಧ್ಯಯನಗಳನ್ನು ಒಟ್ಟುಗೂಡಿಸಿ 2011ರಲ್ಲಿ ಪ್ರಕಟವಾದ ವಿಶ್ಲೇಷಣೆಯೊಂದು, ಸೇವಾ ಕಲಿಕೆಯಲ್ಲಿ ತೊಡಗಿದವರ ಸಾಮಾಜಿಕ ಕೌಶಲ, ನಾಗರಿಕ ಪ್ರಜ್ಞೆ ಮತ್ತು ಓದಿನ ಸಾಧನೆ ಸುಧಾರಿಸಿದ್ದನ್ನು ತೋರಿಸಿತು. ಪಾಠದೊಡನೆ ಜೋಡಣೆ, ವಿದ್ಯಾರ್ಥಿಗಳ ಮಾತಿಗೆ ಬೆಲೆ, ಸಮುದಾಯದ ಪಾಲ್ಗೊಳ್ಳುವಿಕೆ, ಚಿಂತನ ಬರಹ ಇದ್ದಲ್ಲಿ ಫಲ ಹೆಚ್ಚು.

ಆದರೆ ಅಳತೆಯಲ್ಲಿ ಎಚ್ಚರ ಬೇಕು. ‘ಬೇರೆ ಸಂಸ್ಕೃತಿಯವರನ್ನು ನಾನು ಚೆನ್ನಾಗಿ ಅರ್ಥಮಾಡಿಕೊಳ್ಳಬಲ್ಲೆ’ ಎಂಬ ಹೇಳಿಕೆಗೆ ವರ್ಷದ ಆರಂಭದಲ್ಲಿ ಐದಕ್ಕೆ ಐದು ಕೊಟ್ಟುಕೊಂಡವನು, ಕೆಲಸ ಮುಗಿದ ಮೇಲೆ ಮೂರು ಕೊಟ್ಟುಕೊಳ್ಳಬಹುದು. ಅಂಕಿ ಇಳಿಯಿತೆಂದು ಕಾರ್ಯಕ್ರಮ ಸೋತಿದೆ ಎನ್ನುವಂತಿಲ್ಲ. ಅವನಿಗೆ ತನ್ನ ಅಳತೆ ಈಗ ಗೊತ್ತಾಗಿರಬಹುದು. ಆದ್ದರಿಂದ ಪ್ರಶ್ನಾವಳಿಯ ಜೊತೆಗೆ ಮೊದಲ ಮತ್ತು ಕೊನೆಯ ವಾರದ ದಿನಚರಿಗಳನ್ನು ಪಕ್ಕಪಕ್ಕ ಇಟ್ಟು ಓದುವುದು ಉತ್ತಮ. ಊರಿನವರ ಅಭಿಪ್ರಾಯವನ್ನೂ ಕೇಳಬೇಕು. ಅದನ್ನು ಕೇಳುವವರು ಆ ತಂಡದವರಾಗಿರಬಾರದು.

ಮಗಳನ್ನು ಕಳುಹಿಸಲು ಭಯವಾಗುತ್ತದೆ. ಸುರಕ್ಷತೆಗೆ ಏನು ವ್ಯವಸ್ಥೆ?

ಒಂಟಿಯಾಗಿ ಯಾರನ್ನೂ ಕಳುಹಿಸಬಾರದು. ತಂಡದ ಜೊತೆ ಅಧ್ಯಾಪಕಿಯೊಬ್ಬರಿರಬೇಕು. ಆನೆಗಳ ಓಡಾಟವಿರುವ ತೋಟಗಳಲ್ಲಿ ನಸುಕಿನಲ್ಲಿ, ಮುಸ್ಸಂಜೆಯಲ್ಲಿ ನಡೆದು ಹೋಗುವುದು ಬೇಡ, ಕೊನೆಯ ಬಸ್ಸಿಗೆ ಮೊದಲೇ ಹೊರಡಬೇಕು. ಜಿಗಣೆಗೆ ಹೆದರಬೇಕಾಗಿಲ್ಲ. ಲೈಂಗಿಕ ಕಿರುಕುಳದ ದೂರುಗಳನ್ನು ಆಲಿಸುವ ಕಾಲೇಜಿನ ಆಂತರಿಕ ಸಮಿತಿಯ ವ್ಯಾಪ್ತಿ ಇಂಥ ಹೊರ ಕೆಲಸಕ್ಕೂ ಅನ್ವಯಿಸುತ್ತದೆ ಎಂಬುದು ಮಗಳಿಗೂ ನಿಮಗೂ ತಿಳಿದಿರಲಿ.

ಸೆಮಿಸ್ಟರ್ ಮುಗಿದ ಮೇಲೆ ಏನು?

ಕೊನೆಯ ಭೇಟಿ ಯಾವಾಗ ಎಂಬುದನ್ನು ಮೊದಲ ಭೇಟಿಯಲ್ಲಿಯೇ ತಿಳಿಸಿರಬೇಕು. ಅರ್ಧಕ್ಕೆ ನಿಂತ ಅರ್ಜಿಗಳ ಪಟ್ಟಿಯನ್ನು ಮುಂದಿನ ತಂಡಕ್ಕೆ ಬರೆದು ಒಪ್ಪಿಸಬೇಕು. ಸಿದ್ಧಪಡಿಸಿದ ವರದಿಯನ್ನು ಊರಿನಲ್ಲಿ ಓದಿ ಹೇಳಿ, ಅವರು ಬೇಡವೆಂದ ಭಾಗವನ್ನು ತೆಗೆದು, ಒಂದು ಪ್ರತಿಯನ್ನು ಅಲ್ಲಿಯ ಅಂಗನವಾಡಿಯಲ್ಲಿಯೋ ಪಂಚಾಯಿತಿಯಲ್ಲಿಯೋ ಕೊಟ್ಟ ಬಳಿಕವೇ ಅದು ಮೌಲ್ಯಮಾಪನಕ್ಕೆ ಬರಬೇಕು. ಮತ್ತೆ ಬರುತ್ತೇವೆಂದು ಮಕ್ಕಳಿಗೆ ಮಾತು ಕೊಡುವುದಾದರೆ ಬರುವ ದಿನವನ್ನೂ ಹೇಳಿರಿ; ದಿನ ಗೊತ್ತಿಲ್ಲದಿದ್ದರೆ ಮಾತು ಕೊಡಬೇಡಿ.